ಇಲಿಯ ಮೆದುಳಿಗೆ ಬೆಳಕು: ಫೈಬರ್ ಸಾಕೇ, ವೈರ್‌ಲೆಸ್ ಬೇಕೇ?

ಮೆದುಳಿನ ಕೋಶಗಳಿಗೆ ಜೀನು ಸೇರಿಸಿ, ಅವನ್ನು ಬೆಳಕಿನಿಂದ ನಿಯಂತ್ರಿಸುವ ವಿಧಾನಕ್ಕೆ ಆಪ್ಟೊಜೆನೆಟಿಕ್ಸ್ ಎನ್ನುತ್ತಾರೆ. ಆ ಬೆಳಕನ್ನು ಇಲಿಯ ಮೆದುಳಿಗೆ ಒಯ್ಯಲು ರೂಢಿಯಲ್ಲಿರುವುದು ಫೈಬರ್ ಎಂಬ ಗಾಜಿನ ಎಳೆ, ಅದಕ್ಕೆ ಸಿಕ್ಕಿಸುವ ಕೇಬಲ್. ನರವಿಜ್ಞಾನದ ಲ್ಯಾಬ್‌ಗೆ ಹೊಸದಾಗಿ ಸೇರಿದವರು, ಅದರಲ್ಲೂ ಎಲೆಕ್ಟ್ರಾನಿಕ್ಸ್ ಓದಿ ಈ ಕಡೆ ಬಂದವರು, ಬಂದ ವಾರದಲ್ಲೇ ಕೇಳುತ್ತಾರೆ: "ಚರ್ಮದಡಿ ಕೂರುವ ವೈರ್‌ಲೆಸ್ ಎಲ್‌ಇಡಿ ಸಿಗುತ್ತಿರುವಾಗ ಇಲಿಯ ತಲೆಗೆ ಇನ್ನೂ ಯಾಕೆ ಕೇಬಲ್ ಸಿಕ್ಕಿಸಬೇಕು?" ನ್ಯಾಯವಾದ ಪ್ರಶ್ನೆಯೇ. ಆದರೂ ನಾನು ಹೇಳುವುದು ಇಷ್ಟು: ನಿಮ್ಮ ಪ್ರಯೋಗದಲ್ಲಿ ಇಲಿಯ ನಡವಳಿಕೆಯನ್ನು ಕೇಬಲ್ಲೇ ಕೆಡಿಸುತ್ತಿದೆ ಎಂದು ಕಣ್ಣಾರೆ ಕಾಣುವವರೆಗೆ ಫೈಬರ್ ಬಿಡಬೇಡಿ. ಕೆಡಿಸುತ್ತಿದೆ ಎಂದು ಗೊತ್ತಾದ ಮೇಲೆ ವೈರ್‌ಲೆಸ್‌ಗೆ ಹೋಗಲು ಹಿಂಜರಿಯಲೂ ಬೇಡಿ. ಯಾವುದನ್ನು ಯಾವಾಗ ಆರಿಸಬೇಕು, ಯಾಕೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಹಿನ್ನೆಲೆ, ಚುಟುಕಾಗಿ. ಮೆದುಳಿನ ಕೋಶ ತಾನಾಗಿ ಬೆಳಕಿಗೆ ಸ್ಪಂದಿಸುವುದಿಲ್ಲ. ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸಿರು ಪಾಚಿಗೆ ಬೆಳಕಿನ ದಿಕ್ಕು ತಿಳಿಸಿಕೊಡುವ ಪ್ರೋಟೀನಿನ ಹೆಸರು ಚಾನಲ್‌ರೊಡಾಪ್ಸಿನ್. ಬೆಳಕು ಬಿದ್ದರೆ ಬಾಗಿಲು ತೆರೆದು ಅಯಾನುಗಳನ್ನು ಒಳಬಿಡುವುದು ಅದರ ಗುಣ. ಜರ್ಮನಿಯ ಪೀಟರ್ ಹೆಗೆಮನ್, ಗೇಯಾರ್ಗ್ ನಾಗೆಲ್, ಅರ್ನ್ಸ್ಟ್ ಬಾಂಬರ್ಗ್ 2002 ಮತ್ತು 2003ರಲ್ಲಿ ಇದನ್ನು ತೋರಿಸಿಕೊಟ್ಟರು. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಡ್ ಬಾಯ್ಡನ್, ಕಾರ್ಲ್ ಡೈಸರಾತ್ ಮತ್ತು ಜೊತೆಗಾರರು ಅದರ ಜೀನನ್ನು ಸಸ್ತನಿಯ ನರಕೋಶಕ್ಕೆ ಸೇರಿಸಿ, ನೀಲಿ ಬೆಳಕು ಮಿನುಗಿದಂತೆಲ್ಲ ಕೋಶವೂ ಮಿಲಿಸೆಕೆಂಡು ಲೆಕ್ಕದಲ್ಲಿ ವಿದ್ಯುತ್ ಮಿಡಿತ ಹೊಮ್ಮಿಸುವಂತೆ ಮಾಡಿದರು. ಒಂದು ಬಗೆಯ ಕೋಶಗಳನ್ನಷ್ಟೇ ಹತೋಟಿಗೆ ತೆಗೆದುಕೊಂಡು ಪಕ್ಕದವನ್ನು ಮುಟ್ಟದೆ ಬಿಡುವ ವಿಧಾನ ಬೇಕೆಂದು ಫ್ರಾನ್ಸಿಸ್ ಕ್ರಿಕ್ 1979ರಲ್ಲೇ ಬರೆದಿದ್ದರು. ಆ ಆಸೆ ಈಡೇರಿದ್ದು ಹೀಗೆ.

ಜೀನನ್ನು ಒಳಗೆ ಒಯ್ಯುವುದು ಸಾಮಾನ್ಯವಾಗಿ ಎಎವಿ ಎಂಬ ನಿರುಪದ್ರವಿ ವೈರಸ್. ಚುಚ್ಚಿದ ಮೇಲೆ ಪ್ರೋಟೀನು ಸಾಕಷ್ಟು ತಯಾರಾಗಲು ಎರಡರಿಂದ ನಾಲ್ಕು ವಾರ ಬೇಕು. ನೀವು ಯಾವ ಸಾಧನ ಕೊಂಡರೂ ಈ ಭಾಗ ಬದಲಾಗುವುದಿಲ್ಲ. ಬದಲಾಗುವುದು ಬೆಳಕು ಅಲ್ಲಿಗೆ ತಲುಪುವ ದಾರಿ.

ಮೊದಲು ಲೆಕ್ಕ, ಆಮೇಲೆ ಕ್ಯಾಟಲಾಗ್

ಸಾಧನ ಆರಿಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಲೇಬೇಕು. ನೀಲಿ ಬೆಳಕಿಗೆ (ಸುಮಾರು 470 ನ್ಯಾನೋಮೀಟರ್) ಸ್ಪಂದಿಸುವ ಚಾನಲ್‌ರೊಡಾಪ್ಸಿನ್-2ಕ್ಕೆ ಚದರ ಮಿಲಿಮೀಟರಿಗೆ ಸುಮಾರು 1 ಮಿಲಿವ್ಯಾಟ್ ಬೆಳಕು ಸಿಕ್ಕರೆ ಕೋಶ ಕೆಲಸ ಮಾಡುತ್ತದೆ ಎಂಬುದು ರೂಢಿಯ ಅಂದಾಜು. 200 ಮೈಕ್ರಾನ್ ವ್ಯಾಸದ ಫೈಬರ್ ತೆಗೆದುಕೊಳ್ಳಿ, ಅದರ ನ್ಯೂಮರಿಕಲ್ ಅಪರ್ಚರ್ (ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದರ ಅಳತೆ) 0.37 ಇರಲಿ, ತುದಿಯಿಂದ 10 ಮಿಲಿವ್ಯಾಟ್ ಹೊರಬರುತ್ತಿರಲಿ. ತುದಿಯ ವಿಸ್ತೀರ್ಣ 0.0314 ಚದರ ಮಿಲಿಮೀಟರ್. ಅಂದರೆ ತುದಿಯಲ್ಲೇ ತೀವ್ರತೆ ಚದರ ಮಿಲಿಮೀಟರಿಗೆ 318 ಮಿಲಿವ್ಯಾಟ್. ಅಲ್ಲಿಂದ ಅರ್ಧ ಮಿಲಿಮೀಟರ್ ಕೆಳಗೆ, ಬೆಳಕು ಹರಡುವುದನ್ನೂ ಅಂಗಾಂಶದಲ್ಲಿ ಚದುರುವುದನ್ನೂ ಕಳೆದರೆ ಉಳಿಯುವುದು ಸುಮಾರು 8. ಒಂದು ಮಿಲಿಮೀಟರ್ ಕೆಳಗೆ 2ಕ್ಕಿಂತ ಕಡಿಮೆ. ಮುನ್ನೂರ ಹದಿನೆಂಟು ಎಲ್ಲಿ, ಎರಡು ಎಲ್ಲಿ!

ಈ ಲೆಕ್ಕ ಹೇಳುವುದು ಎರಡು ಮಾತು. ನೀಲಿ ಬೆಳಕಿನ ಕೆಲಸ ತುದಿಯಿಂದ ಒಂದು ಮಿಲಿಮೀಟರ್ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಆಳದ ಗುರಿಗೆ ಬೆಳಕಿನ ಮೂಲವನ್ನೇ ಅಲ್ಲಿಗೆ ಇಳಿಸಬೇಕು, ಇಲ್ಲವೇ ಬೆಳಕಿನ ಬಣ್ಣ ಬದಲಿಸಬೇಕು. ಎರಡನೆಯದಾಗಿ, ಎಲ್‌ಇಡಿಯ ಬೆಳಕು ಫೈಬರ್‌ನದರಂತೆ ಕಿರಿದಾದ ಶಂಕುವಿನಲ್ಲಿ ಹೋಗದೆ ಅರ್ಧಗೋಳದುದ್ದಕ್ಕೂ ಹರಡಿಹೋಗುತ್ತದೆ. ಅದೇ 10 ಮಿಲಿವ್ಯಾಟ್ ಬರೆದಿದ್ದರೂ ಅದೇ ಆಳಕ್ಕೆ ಇಳಿಯುವುದಿಲ್ಲ. ಕ್ಯಾಟಲಾಗಿನಲ್ಲಿ ಬರುವ ಒಟ್ಟು ಮಿಲಿವ್ಯಾಟ್ ನೋಡಿ ಮರುಳಾಗುವುದು ಇಲ್ಲಿಯೇ.

ಫೈಬರ್

ಇಪ್ಪತ್ತು ವರ್ಷ ಹತ್ತಿರವಾಯಿತು, ಲ್ಯಾಬ್‌ಗಳ ದಿನನಿತ್ಯದ ಕೆಲಸ ಇದರಲ್ಲೇ ನಡೆಯುತ್ತಿದೆ. ಸಿಲಿಕಾ ಎಳೆಯೊಂದನ್ನು 1.25 ಮಿಲಿಮೀಟರ್ ದಪ್ಪದ ಜಿರ್ಕೋನಿಯಾ ಫೆರೂಲ್‌ನಲ್ಲಿ (ಎಳೆಯನ್ನು ಹಿಡಿದಿಡುವ ಗಟ್ಟಿ ಕೊಳವೆಯಲ್ಲಿ) ಅಂಟಿಸಿ, ತುದಿಯನ್ನು ನುಣ್ಣಗೆ ಉಜ್ಜಿ, ತಲೆಯನ್ನು ಅಲುಗದಂತೆ ಹಿಡಿಯುವ ಸ್ಟೀರಿಯೊಟ್ಯಾಕ್ಸಿಕ್ ಚೌಕಟ್ಟಿನಲ್ಲಿ ಅಳತೆ ಹಿಡಿದು ಮೆದುಳಿಗೆ ಇಳಿಸಿ, ಡೆಂಟಲ್ ಸಿಮೆಂಟಿನಿಂದ ತಲೆಬುರುಡೆಗೆ ಭದ್ರ ಮಾಡುತ್ತಾರೆ. ಪ್ರಯೋಗದ ಹೊತ್ತಿಗೆ ಪ್ಯಾಚ್ ಕಾರ್ಡ್ ಎಂಬ ಕೇಬಲ್ ಸಿಕ್ಕಿಸಿ, ಮೇಲೆ ತಿರುಗುವ ರೋಟರಿ ಜಾಯಿಂಟ್, ಅದರಾಚೆ ಲೇಸರ್.

ಇದರ ದೊಡ್ಡ ಗುಣ ಎಂದರೆ ಎಷ್ಟು ಬೆಳಕು ಹೋಗುತ್ತಿದೆ ಎಂಬುದು ನಿಮಗೆ ಖಾತ್ರಿಯಾಗಿ ಗೊತ್ತಿರುವುದು. ಒಳಗೆ ಇಳಿಸುವ ಮೊದಲು ಪ್ರತಿ ಫೈಬರ್‌ನ ತುದಿಯನ್ನು ಪವರ್ ಮೀಟರ್ ಮುಂದೆ ಹಿಡಿದು ಅಳೆಯಬಹುದು, ಮಸುಕಾದುದನ್ನು ಅಲ್ಲೇ ತೆಗೆದಿಡಬಹುದು. ಲೇಸರ್ ಬದಲಿಸಿದರೆ ಬಣ್ಣ ಬದಲಾಯಿತು, ಗುಂಡಿ ತಿರುಗಿಸಿದರೆ ತೀವ್ರತೆ ಬದಲಾಯಿತು. ಇಲಿಯನ್ನು ಮತ್ತೆ ಕೊಯ್ಯಬೇಕಾಗಿಲ್ಲ. ಬೆಳಕಿನ ಮೂಲ ಹೊರಗಿರುವುದರಿಂದ ಮೂಲದ ಬಿಸಿಯೂ ಹೊರಗೇ ಉಳಿಯುತ್ತದೆ. ಲೋಹವಿಲ್ಲದ ಸಿಲಿಕಾ ಎಂಆರ್‌ಐಗೂ ಅಡ್ಡಿಯಲ್ಲ. ಅದೇ ಎಳೆಯ ಮೂಲಕ ಕೋಶಗಳ ಹೊಳಪು ಓದುವ ಫೋಟೊಮೆಟ್ರಿಯನ್ನೂ ಮಾಡಬಹುದು. ಸಾಮಗ್ರಿ ತರಿಸಿಕೊಂಡರೆ ಲ್ಯಾಬ್‌ನಲ್ಲೇ ಒಂದು ಮಧ್ಯಾಹ್ನದಲ್ಲಿ ಹತ್ತಾರು ಫೈಬರ್ ತಯಾರಿಸಬಹುದು. ಆಮದಿನ ದಾರಿ ಕಾಯುವ ನಮ್ಮ ಲ್ಯಾಬ್‌ಗಳಿಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು: ಫೆರೂಲ್ ಮತ್ತು ಪ್ಯಾಚ್ ಕಾರ್ಡ್ ಸೇರುವ ಜಾಗ. ಅಲ್ಲಿ ಧೂಳಿನ ಕಣವೊಂದು ಕೂತರೆ, ಎರಡನ್ನೂ ಜೋಡಿಸುವ ಕೊಳವೆಯೊಳಗೆ ಕೂದಲೆಳೆಯಷ್ಟು ಸಂದು ಉಳಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಸೋರಿದ ನೀಲಿ ಬೆಳಕು ಇಲಿಗೆ ಕಾಣಿಸುತ್ತದೆ, ಅದು ತಲೆ ಎತ್ತಿ ನೋಡುತ್ತದೆ, ಅದನ್ನೇ ನೀವು ಮೆದುಳಿನ ಪ್ರತಿಕ್ರಿಯೆ ಎಂದುಕೊಳ್ಳುವ ಅಪಾಯವಿದೆ. ಸಿಮೆಂಟಿಗೆ ಇದ್ದಿಲ ಪುಡಿ ಬೆರೆಸಿ ಕಪ್ಪು ಮಾಡುವುದು, ಜೋಡಣೆಯ ಮೇಲೆ ಕಪ್ಪು ಕೊಳವೆ ಹಾಕುವುದು ಇದಕ್ಕಾಗಿಯೇ.

ಫೈಬರ್ ಸೋಲುವ ಸಂದರ್ಭಗಳು ಸ್ಪಷ್ಟ. ಎರಡು ಇಲಿ ಒಟ್ಟಿಗಿದ್ದರೆ ಒಂದು ಇನ್ನೊಂದರ ಕೇಬಲ್ ಕಡಿಯುತ್ತದೆ, ಇಲ್ಲವೇ ಎರಡೂ ಕೇಬಲ್ ಹೆಣೆದುಕೊಳ್ಳುತ್ತವೆ. ಮುಚ್ಚಿದ ಸುರಂಗ, ಗೂಡು, ಓಡುವ ಚಕ್ರ ಇರುವ ಕಡೆ ಕೇಬಲ್ ನುಗ್ಗುವುದಿಲ್ಲ. ಮರಿ ಸಾಕುತ್ತಿರುವ ತಾಯಿಯನ್ನು ಗಮನಿಸಬೇಕೆಂದರೂ, ಮನೆ ಪಂಜರದಲ್ಲಿ ದಿನಗಟ್ಟಲೆ ಬೆಳಕು ಕೊಡಬೇಕೆಂದರೂ ಕಷ್ಟ. ಇನ್ನೊಂದು ಮಾತನ್ನು ಜನ ಮರೆಯುತ್ತಾರೆ. ಕೇಬಲ್ ಸಿಕ್ಕಿಸಲು ಪ್ರತಿ ಸಲ ಇಲಿಯನ್ನು ಕೈಯಲ್ಲಿ ಹಿಡಿಯಬೇಕು. ಆತಂಕ, ಒತ್ತಡದ ಬಗ್ಗೆ ಅಧ್ಯಯನ ಮಾಡುವವರಿಗೆ ಆ ಹಿಡಿತವೇ ಒಂದು ಒತ್ತಡ.

ತಲೆಯ ಮೇಲಿನ ಬ್ಯಾಟರಿ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಿಮೋಟ್‌ನಿಂದ ಹೊತ್ತಿಸಬಹುದಾದ ಎಲ್‌ಇಡಿ ಮತ್ತು ಪುಟ್ಟ ಬ್ಯಾಟರಿ ತಲೆಯ ಮೇಲೆ ಕೂರುತ್ತವೆ. ತೂಕ 1ರಿಂದ 3 ಗ್ರಾಂ. ಬೆಳೆದ ಚಿಟ್ಟಿಲಿಯ ತೂಕವೇ 20ರಿಂದ 30 ಗ್ರಾಂ ಇರುವಾಗ ಅದರ ಕುತ್ತಿಗೆಗೆ ಇದು ಭಾರ. 300 ಗ್ರಾಂ ತೂಗುವ ದೊಡ್ಡ ಇಲಿಗೆ ಲೆಕ್ಕಕ್ಕಿಲ್ಲ. ಆದ್ದರಿಂದ ದೊಡ್ಡ ಇಲಿಯಲ್ಲಿ, ದೊಡ್ಡ ಬಯಲಿನಲ್ಲಿ, ಅರ್ಧ ಗಂಟೆಯ ಪ್ರಯೋಗವಾದರೆ ಇದನ್ನು ಯೋಚಿಸಿ. ವಿಶೇಷ ಪಂಜರ ಬೇಕಾಗಿಲ್ಲ ಎಂಬುದು ನಿಜವಾದ ಲಾಭ.

ಚರ್ಮದಡಿಯ, ಬ್ಯಾಟರಿ ಇಲ್ಲದ ಎಲ್‌ಇಡಿ

ಈಗ ಎಲ್ಲರ ಕಣ್ಣು ಇರುವುದು ಇದರ ಮೇಲೆ, ಇರಬೇಕಾದದ್ದೇ. 2013ರಲ್ಲಿ ಅಮೆರಿಕದ ಜಾನ್ ರೋಜರ್ಸ್ ಮತ್ತು ಮೈಕಲ್ ಬ್ರೂಕಸ್ ತಂಡಗಳು 50 ಮೈಕ್ರಾನ್ ಚೌಕದ, ಕೇವಲ 6.45 ಮೈಕ್ರಾನ್ ದಪ್ಪದ ಎಲ್‌ಇಡಿಗಳನ್ನು ಬಾಗುವ ಹಾಳೆಯ ಮೇಲೆ ಕೂರಿಸಿ ಮೆದುಳಿಗೆ ಇಳಿಸಿದವು. ಅಷ್ಟು ತೆಳುವಾದದ್ದು ತಾನಾಗಿ ಒಳಗೆ ಹೋಗದು. ಅದಕ್ಕೆ ಗಟ್ಟಿ ಸೂಜಿಯೊಂದರ ಆಸರೆ ಕೊಟ್ಟು, ರೇಷ್ಮೆಯ ಪ್ರೋಟೀನಿನಿಂದ ಮಾಡಿದ ಅಂಟಿನಿಂದ ಹಚ್ಚಿದ್ದರು. ಒಳಗಿನ ತೇವಕ್ಕೆ ಅಂಟು ಕರಗಿದ ಮೇಲೆ ಸೂಜಿಯನ್ನು ಮಾತ್ರ ಎಳೆದುಕೊಂಡರೆ ಎಲ್‌ಇಡಿ ಅಲ್ಲೇ ಉಳಿಯಿತು. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಡಾ ಪೂನ್ ತಂಡ ಸುಮಾರು 20 ಮಿಲಿಗ್ರಾಂ ತೂಕದ, ಪೂರ್ತಿ ದೇಹದೊಳಗೇ ಕೂರುವ ಸಾಧನ ಮಾಡಿತು. ಬೆನ್ನುಹುರಿ ಮತ್ತು ಕಾಲಿನ ನರಗಳಿಗೂ ಅದು ಒಗ್ಗಿತು. 2017ರ ಹೊತ್ತಿಗೆ ರೋಜರ್ಸ್ ತಂಡ 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿಗೆ ಬಂತು. ಪಂಜರದ ಸುತ್ತ ಸುತ್ತಿದ ತಂತಿಯಿಂದ ಶಕ್ತಿ ಹೊರಡುತ್ತದೆ, ಇಲಿಯ ತಲೆಚರ್ಮದಡಿಯ ಪುಟ್ಟ ಕಾಯಿಲ್ ಅದನ್ನು ಹಿಡಿದು ಎಲ್‌ಇಡಿ ಹೊತ್ತಿಸುತ್ತದೆ. ನಮ್ಮ ಮೆಟ್ರೊ ಕಾರ್ಡನ್ನು ಗೇಟಿಗೆ ತೋರಿಸಿದಾಗ ಬ್ಯಾಟರಿಯಿಲ್ಲದ ಕಾರ್ಡು ಜೀವ ಪಡೆಯುವುದೂ ಇದೇ ಆವರ್ತನದಲ್ಲಿ, ಇದೇ ಬಗೆಯಲ್ಲಿ.

ಇಂಥ ಇಲಿಯನ್ನು ನೋಡಿದರೆ ಸಾಧನ ಇದೆ ಎಂದೇ ತಿಳಿಯುವುದಿಲ್ಲ. ಗಾಯ ಒಣಗಿ ಕೂದಲು ಬೆಳೆದ ಮೇಲೆ ಅದು ಜೊತೆಯವರೊಡನೆ ಮಲಗುತ್ತದೆ, ಕಾದಾಡುತ್ತದೆ, ಗೂಡಿಗೆ ನುಗ್ಗುತ್ತದೆ. ಹಲವು ವಿನ್ಯಾಸಗಳಲ್ಲಿ ಚರ್ಮದಡಿ ಇನ್ನೊಂದು ಕೆಂಪು ಎಲ್‌ಇಡಿ ಇಟ್ಟಿರುತ್ತಾರೆ. ಸಾಧನಕ್ಕೆ ಶಕ್ತಿ ಬರುತ್ತಿದ್ದರೆ ತಲೆಯ ಮೇಲೆ ಮಂದವಾದ ಕೆಂಪು ಹೊಳಪು ಕಾಣುತ್ತದೆ. ಕೊಳ್ಳುವಾಗ ಇದು ಇದೆಯೇ ಎಂದು ತಪ್ಪದೆ ಕೇಳಿ. ಇಲ್ಲದಿದ್ದರೆ ಸಾಧನ ಸತ್ತಿದೆಯೋ ಇಲಿ ಸ್ಪಂದಿಸುತ್ತಿಲ್ಲವೋ ತಿಳಿಯಲು ದಾರಿಯೇ ಇರುವುದಿಲ್ಲ.

ಸಾಮಾಜಿಕ ನಡವಳಿಕೆ ನಿಮ್ಮ ವಿಷಯವಾಗಿದ್ದರೆ ನಾನು ಎರಡು ಮಾತಿಲ್ಲದೆ ಇದನ್ನೇ ಹೇಳುತ್ತೇನೆ. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಯೆವ್ಗೆನಿಯಾ ಕೊಜೊರೊವಿಟ್ಸ್ಕಿ ಮತ್ತು ರೋಜರ್ಸ್ ತಂಡಗಳು ಒಂದೇ ಪಂಜರದ ಇಲಿಗಳ ಸಾಧನಗಳನ್ನು ಬೇರೆ ಬೇರೆಯಾಗಿ ಹೊತ್ತಿಸುವ ವ್ಯವಸ್ಥೆ ತೋರಿಸಿದವು. ಎರಡು ಇಲಿಗಳ ಮೆದುಳಿನ ಮುಂಭಾಗಕ್ಕೆ ಒಂದೇ ಲಯದಲ್ಲಿ ಬೆಳಕು ಕೊಟ್ಟಾಗ ಅವು ಪರಸ್ಪರ ಬೆರೆಯುವುದು ಹೆಚ್ಚಾಯಿತು, ಲಯ ತಪ್ಪಿಸಿದಾಗ ಕಡಿಮೆಯಾಯಿತು. ಕೇಬಲ್ ಕಟ್ಟಿ ಈ ಪ್ರಯೋಗವನ್ನು ಹೀಗೆ ಮಾಡಲಾಗುತ್ತಿರಲಿಲ್ಲ.

ತೊಡಕುಗಳನ್ನೂ ಹೇಳಬೇಕು. ಪಂಜರದೊಳಗೆ ಶಕ್ತಿ ಎಲ್ಲ ಕಡೆ ಸಮನಾಗಿರುವುದಿಲ್ಲ. ತಂತಿಯ ಹತ್ತಿರ ಹೆಚ್ಚು, ನಡುವೆ ಕಡಿಮೆ. ಇಲಿ ಹಿಂಗಾಲಲ್ಲಿ ಎದ್ದು ನಿಂತಾಗ ತಲೆ ವಾಲಿ, ಕಾಯಿಲ್‌ನ ಕೋನ ಬದಲಾಗಿ ಸಿಗುವ ಶಕ್ತಿ ಇಳಿಯುತ್ತದೆ. ಒಳ್ಳೆಯ ಸಾಧನದಲ್ಲಿ ವೋಲ್ಟೇಜನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟ್ ಇರುತ್ತದೆ. ಅಗ್ಗದ್ದರಲ್ಲಿ ಇಲಿ ಮೂಲೆಗೆ ಹೋದರೆ ಪ್ರಖರ, ನಡುವೆ ಬಂದರೆ ಮಂದ. ಸ್ಟೀಲ್ ಜಾಲರಿಯ ಮುಚ್ಚಳ, ಸ್ಟೀಲ್ ನೀರಿನ ನಳಿಕೆ ಕಾಯಿಲ್‌ನ ಶ್ರುತಿ ಕೆಡಿಸುತ್ತವೆ. ಪಂಜರ ಪೂರ್ತಿ ಪ್ಲಾಸ್ಟಿಕ್ ಆಗಬೇಕು, ಖರೀದಿ ಪಟ್ಟಿಯಲ್ಲಿ ಇದನ್ನು ಮೊದಲೇ ಸೇರಿಸಿ. ಮೆದುಳಿನ ದ್ರವದ ಉಪ್ಪುನೀರು ಪ್ಯಾರಿಲೀನ್, ಸಿಲಿಕೋನ್ ಹೊದಿಕೆಯ ಸಣ್ಣ ಬಿರುಕು ಹುಡುಕಿ ಒಳನುಗ್ಗುತ್ತದೆ. ಎಷ್ಟು ತಿಂಗಳು ಬಾಳುತ್ತದೆ ಎಂದು ಮಾರುವವರನ್ನು ಕೇಳುವಾಗ ಮೇಜಿನ ಮೇಲಿನ ಲೆಕ್ಕ ಕೇಳಬೇಡಿ, ಬದುಕಿರುವ ಇಲಿಯಲ್ಲಿ ಬಾಳಿದ ಲೆಕ್ಕ ಕೇಳಿ. ಫೈಬರ್ ಮಸುಕಾದರೆ ಲೇಸರ್ ಏರಿಸಬಹುದು. ಒಳಗಿನ ಎಲ್‌ಇಡಿ ಸತ್ತರೆ ಆ ಇಲಿ ಪ್ರಯೋಗದಿಂದ ಹೊರಗೆ. ಬಣ್ಣವೂ ಕೊಂಡ ದಿನ ಯಾವುದೋ ಕೊನೆಯವರೆಗೂ ಅದೇ.

ಬಿಸಿಯ ವಿಷಯ

ಇದಕ್ಕೆ ಬೇರೆ ಜಾಗ ಕೊಡುತ್ತಿದ್ದೇನೆ, ಏಕೆಂದರೆ ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲೇ. 2019ರಲ್ಲಿ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ಅನಟೋಲ್ ಕ್ರೈಟ್ಸರ್ ತಂಡ ತೋರಿಸಿದ್ದು: ಆಪ್ಸಿನ್ (ಚಾನಲ್‌ರೊಡಾಪ್ಸಿನ್‌ನಂಥ, ಬೆಳಕಿಗೆ ಸ್ಪಂದಿಸುವ ಪ್ರೋಟೀನು) ಇಲ್ಲದ ಮಾಮೂಲಿ ಇಲಿಯ ಮೆದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಸ್ಟ್ರಯಾಟಮ್ ಭಾಗಕ್ಕೆ ಬರೀ ಬೆಳಕು ಕೊಟ್ಟರೂ ಅದರ ಬಿಸಿಗೆ ಅಲ್ಲಿನ ಕೋಶಗಳ ಮಿಡಿತ ತಗ್ಗುತ್ತದೆ, ಇಲಿ ತಿರುಗುವ ದಿಕ್ಕೂ ಬದಲಾಗುತ್ತದೆ. ಫೈಬರ್‌ನಲ್ಲೇ ಹೀಗಾದರೆ, ಎಲ್‌ಇಡಿಯಲ್ಲಿ ಬೆಳಕಾಗದೆ ಉಳಿದ ವಿದ್ಯುತ್ತೂ ಬಿಸಿಯಾಗಿ ಅಂಗಾಂಶದ ನಡುವೆಯೇ ಇಳಿಯುತ್ತದೆ. ಅಳವಡಿಸಿದ ಸಾಧನದ ಮೈ ಸುತ್ತಲಿಗಿಂತ 2 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂಬುದು ವೈದ್ಯಕೀಯ ಇಂಪ್ಲಾಂಟ್‌ಗಳ ವಾಡಿಕೆ. ಅದಕ್ಕೂ ಕಡಿಮೆ ಬಿಸಿ ನಿಮ್ಮ ಫಲಿತಾಂಶ ಕೆಡಿಸಲು ಸಾಕು.

ಪರಿಹಾರ ಬೆಳಕನ್ನು ಬಿಟ್ಟು ಬಿಟ್ಟು ಕೊಡುವುದು. ಸೆಕೆಂಡಿಗೆ 20 ಸಲ, ಪ್ರತಿ ಸಲ 5 ಮಿಲಿಸೆಕೆಂಡು ಕೊಟ್ಟರೆ ಎಲ್‌ಇಡಿ ಹೊತ್ತಿರುವುದು ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ. 10 ಮಿಲಿವ್ಯಾಟ್ ಸರಾಸರಿಯಲ್ಲಿ 1 ಆಯಿತು. ಕೋಶಗಳನ್ನು ಪ್ರಚೋದಿಸುವವರಿಗೆ ಇದು ಸರಿಹೊಂದುತ್ತದೆ. ಕೋಶಗಳನ್ನು ಸುಮ್ಮನಿರಿಸುವ ಹ್ಯಾಲೊರೊಡಾಪ್ಸಿನ್, ಆರ್ಚ್ ಬಳಸುವವರಿಗೆ ಬೆಳಕು ಎಡೆಬಿಡದೆ ಬೇಕು. ಅಂಥವರು ಆಳಕ್ಕೆ ಇಳಿಸಿದ ಎಲ್‌ಇಡಿಗಿಂತ ಫೈಬರ್ ಆರಿಸಿದರೆ ಕ್ಷೇಮ. ಕಡಿಮೆ ಬೆಳಕಿಗೇ ತೆರೆಯುವ ಜಿಟಿಎಸಿಆರ್ ಬಗೆಯ ಆಪ್ಸಿನ್‌ಗಳನ್ನೂ ನೋಡಬಹುದು. ಯಾವುದೇ ಇರಲಿ, ಆಪ್ಸಿನ್ ಇಲ್ಲದೆ ಬಣ್ಣದ ಪ್ರೋಟೀನು ಮಾತ್ರ ಇರುವ ಇಲಿಗಳಿಗೂ ಅಷ್ಟೇ ಬೆಳಕು ಕೊಟ್ಟು ಹೋಲಿಸಲೇಬೇಕು.

ತಲೆಬುರುಡೆಯ ಮೇಲಿಂದಲೇ ಕೆಂಪು ಬೆಳಕು

ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, 600 ನ್ಯಾನೋಮೀಟರ್ ದಾಟಿದ ಕೆಂಪನ್ನು ಬಹುಪಾಲು ಬಿಟ್ಟುಬಿಡುತ್ತದೆ. ಕೆಂಪಿಗೆ ಸ್ಪಂದಿಸುವ ಆಪ್ಸಿನ್ ಇದ್ದರೆ ಮೂಳೆಯ ಮೇಲಿಂದಲೇ ಒಳಗೆ ಬೆಳಕು ಕಳಿಸಬಹುದು ಎಂಬ ಆಲೋಚನೆ ಇಲ್ಲಿಂದ ಬಂತು. 2014ರ ಜಾಸ್ ಮತ್ತು ಕ್ರಿಮ್ಸನ್, ಆಮೇಲೆ ಸಿಎಚ್‌ಆರ್‌ಮೈನ್ (ChRmine) ಹೀಗೆ ಒಂದಾದ ಮೇಲೊಂದು ಬಂದವು. 2020ರಲ್ಲಿ ಡೈಸರಾತ್ ತಂಡ ಸಿಎಚ್‌ಆರ್‌ಮೈನ್ ಬಳಸಿ 7 ಮಿಲಿಮೀಟರ್ ಆಳದವರೆಗೆ, ಮೆದುಳಿಗೆ ಯಾವ ಸಾಧನವನ್ನೂ ಇಳಿಸದೆ ಕೋಶಗಳನ್ನು ಪ್ರಚೋದಿಸಿತು. ಇಲಿಯ ಮೆದುಳಿಗೆ ಅದು ತಳ ಮುಟ್ಟುವ ಆಳ. 2025ರ ಕೊನೆಗೆ ನಾರ್ತ್‌ವೆಸ್ಟರ್ನ್ ತಂಡ ತಲೆಚರ್ಮದಡಿ, ಮೂಳೆಯ ಮೇಲೆ ಕೂರುವ 64 ಪುಟ್ಟ ಎಲ್‌ಇಡಿಗಳ ಮೆತ್ತನೆಯ ಹಾಳೆಯನ್ನು ಪ್ರಕಟಿಸಿತು. ಎಲ್‌ಇಡಿಗಳು ಹೊತ್ತುವ ವಿನ್ಯಾಸಗಳನ್ನು ಇಲಿಗಳು ಸಂಕೇತವಾಗಿ ಕಲಿತು, ಸರಿಯಾದ ವಿನ್ಯಾಸ ಬಂದಾಗ ಬಹುಮಾನದ ಕಡೆ ಹೋದವು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಭರವಸೆ ಹುಟ್ಟಿಸಿದ ಕೆಲಸಗಳಲ್ಲಿ ಇದೂ ಒಂದು, ಏಕೆಂದರೆ ಮೆದುಳಿಗೆ ಗಾಯ ಮಾಡದ ಸಾಧನವಷ್ಟೇ ವರ್ಷಗಟ್ಟಲೆ ಉಳಿದೀತು.

ಆದರೆ ಇದು ನಿಮಗೆ ಒಗ್ಗುತ್ತದೆಯೇ? ಮೆದುಳಿನ ಮೇಲ್ಪದರವಾದ ಕಾರ್ಟೆಕ್ಸ್ ನಿಮ್ಮ ಗುರಿಯಾದರೆ ಖಂಡಿತ. ಆಳದ್ದಾದರೆ, ಮೇಲಿಂದ ಬಂದ ಬೆಳಕು ದಾರಿಯ ಎಲ್ಲವನ್ನೂ ತೋಯಿಸಿಕೊಂಡು ಹೋಗುತ್ತದೆ. ಯಾವ ಜಾಗ ಎಂಬ ನಿಖರತೆ ಪೂರ್ತಿಯಾಗಿ ವೈರಸ್ ಎಲ್ಲಿ ಚುಚ್ಚಿದಿರಿ ಎಂಬುದರ ಮೇಲೆ ನಿಂತಿರುತ್ತದೆ. ಚುಚ್ಚುವಾಗ ಸ್ವಲ್ಪ ಹರಡಿದರೂ ಬೆಳಕು ಅದನ್ನು ಮನ್ನಿಸುವುದಿಲ್ಲ. ಇಲಿಗೆ ಕೆಂಪು ಸರಿಯಾಗಿ ಕಾಣದು ಎಂಬ ಧೈರ್ಯವೂ ಬೇಡ. ಮೆದುಳಿನೊಳಗಿಂದ ಹಾಯ್ದ ಪ್ರಖರ ಕೆಂಪು ಬೆಳಕು ಕಣ್ಣಿನ ಹಿಂಬದಿಯಿಂದ ರೆಟಿನಾ ಮುಟ್ಟಿ ಇಲಿಯ ನಡವಳಿಕೆ ಬದಲಿಸುವುದು ದಾಖಲಾಗಿದೆ. ಪಂಜರದ ಒಳಗೆ ಮಂದ ಬೆಳಕನ್ನು ಮೊದಲೇ ಹಚ್ಚಿಟ್ಟರೆ ಈ ತೊಂದರೆ ತಗ್ಗುತ್ತದೆ.

ಉಳಿದ ದಾರಿಗಳು

ಕೋಶಗಳ ಮಿಡಿತವನ್ನು ಬೆಳಕಿನ ಜೊತೆಜೊತೆಗೇ ದಾಖಲಿಸಬೇಕಾದವರಿಗೆ ಸಿಲಿಕಾನ್ ಸೂಜಿಯ ಮೇಲೇ ಎಲ್‌ಇಡಿ ಮತ್ತು ಎಲೆಕ್ಟ್ರೋಡ್ ಎರಡೂ ಇರುವ ಪ್ರೋಬ್‌ಗಳಿವೆ. ಮಿಶಿಗನ್ ವಿಶ್ವವಿದ್ಯಾಲಯ ಇದರಲ್ಲಿ ಮುಂದೆ. ಅಲ್ಲಿನ ಎಲ್‌ಇಡಿಯ ಗಾತ್ರ 10ಕ್ಕೆ 15 ಮೈಕ್ರಾನ್, ಹೆಚ್ಚುಕಡಿಮೆ ಕೋಶವೊಂದರ ಅಳತೆ. ಬೆಳಕು ಹೊತ್ತಿದ ಕ್ಷಣ ದಾಖಲೆಯಲ್ಲಿ ಮೂಡುವ ಸುಳ್ಳು ಮಿಡಿತವನ್ನು ಬೇರ್ಪಡಿಸಲು ಕಲಿಯಬೇಕು, ಅಷ್ಟೇ. 980 ನ್ಯಾನೋಮೀಟರಿನ ಅವಗೆಂಪನ್ನು ಒಳಗೆ ನೀಲಿಯಾಗಿ ಬದಲಿಸುವ ನ್ಯಾನೋಕಣಗಳ ಬಗ್ಗೆ 2018ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ಒಳ್ಳೆಯ ಕೆಲಸ ಬಂತು. ಮೊದಲ ಪ್ರಯೋಗಕ್ಕೆ ಅದನ್ನು ಆರಿಸಬೇಡಿ ಎನ್ನುತ್ತೇನೆ.

ಬೆಳಕೇ ಬೇಡದ ಪ್ರಶ್ನೆಗಳೂ ಇವೆ. ಕೋಶಗಳ ಚಟುವಟಿಕೆಯನ್ನು ಗಂಟೆಗಟ್ಟಲೆ ಏರಿಸಬೇಕು ಅಥವಾ ತಗ್ಗಿಸಬೇಕು, ಯಾವ ಮಿಲಿಸೆಕೆಂಡಿನಲ್ಲಿ ಎಂಬುದು ಮುಖ್ಯವಲ್ಲ ಎಂದಾದರೆ ಡ್ರೆಡ್ ವಿಧಾನ ನೋಡಿ. ಅದರಲ್ಲಿ ಬೆಳಕಿನ ಬದಲು ಔಷಧಿಯ ಚುಚ್ಚುಮದ್ದು ಕೆಲಸ ಮಾಡುತ್ತದೆ. ತಲೆಯ ಮೇಲೆ ಏನೂ ಇರುವುದಿಲ್ಲ.

ಇನ್ನು ತೀರ್ಮಾನ ಮಾಡಿಸುವ ಪರೀಕ್ಷೆ. ಸಾಧನಕ್ಕೆ ದುಡ್ಡು ಹಾಕುವ ಮೊದಲು ಕೆಲವು ಇಲಿಗಳಿಗೆ ಫೈಬರ್ ಅಳವಡಿಸಿ, ವೈರಸ್ಸೂ ಬೇಡ ಬೆಳಕೂ ಬೇಡ, ನಿಮ್ಮ ನಡವಳಿಕೆಯ ಪ್ರಯೋಗವನ್ನು ಕೇಬಲ್ ಸಿಕ್ಕಿಸಿ ಒಮ್ಮೆ, ಸಿಕ್ಕಿಸದೆ ಒಮ್ಮೆ ನಡೆಸಿ. ಎರಡರಲ್ಲೂ ಇಲಿ ಒಂದೇ ರೀತಿ ನಡೆದುಕೊಂಡರೆ ಫೈಬರ್ ಸಾಕು. ಕೇಬಲ್ ಇದ್ದಾಗ ಮೂಲೆ ಹಿಡಿದು ಕೂತರೆ, ಜೊತೆಯ ಇಲಿಯ ಹತ್ತಿರ ಹೋಗದಿದ್ದರೆ ವೈರ್‌ಲೆಸ್‌ಗೆ ಅರ್ಜಿ ಬರೆಯಿರಿ, ಈ ದಾಖಲೆಯನ್ನೇ ಜೊತೆಗೆ ಲಗತ್ತಿಸಿ. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಮುಂದೆಯೂ ಅದು ಕೆಲಸಕ್ಕೆ ಬರುತ್ತದೆ. ವೈರಸ್‌ಗಾಗಿ ಸಂಸ್ಥೆಯ ಜೈವಿಕ ಸುರಕ್ಷಾ ಸಮಿತಿಯ ಒಪ್ಪಿಗೆ ಹೇಗೂ ಬೇಕು, ಅದಕ್ಕೂ ಈಗಲೇ ಹಾಕಿಡಿ.

ಮನುಷ್ಯರಿಗೆ?

ಪಾರ್ಕಿನ್ಸನ್ ಇರುವವರ ಮನೆಯವರು ಸುದ್ದಿ ಓದಿ ಇದನ್ನು ಕೇಳುತ್ತಾರೆ. "ಅಪ್ಪನಿಗೆ ತಲೆಯಲ್ಲಿ ತಂತಿ ಹಾಕಿಸುವ ಬದಲು ಬೆಳಕಿನದ್ದು ಬರುವವರೆಗೆ ಕಾಯೋಣವೇ?" ಎಂದು. ಅವರಿಗೆ ನೇರವಾಗಿ ಹೇಳಬೇಕು: ಕಾಯಬೇಡಿ. ಬೆಳಕಿನ ವಿಧಾನ ಮನುಷ್ಯರಲ್ಲಿ ಮುಂದುವರಿದಿರುವುದು ಕಣ್ಣಿನಲ್ಲಿ. 2021ರಲ್ಲಿ ಪ್ರಕಟವಾದ ವರದಿಯಂತೆ ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ದೃಷ್ಟಿ ಕಳೆದುಕೊಂಡಿದ್ದ 58ರ ವ್ಯಕ್ತಿಯೊಬ್ಬರ ಒಂದು ಕಣ್ಣಿಗೆ ಕ್ರಿಮ್ಸನ್‌ಆರ್ ಆಪ್ಸಿನ್‌ನ ಜೀನು ಕೊಟ್ಟು, ವಿಶೇಷ ಕನ್ನಡಕದಿಂದ ಬೆಳಕು ಹಾಯಿಸಿದಾಗ ಅವರು ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ ಮುಟ್ಟಿದರು. ಕಣ್ಣು ಬೆಳಕಿಗೆ ತೆರೆದಿರುವ ಅಂಗ, ಅಲ್ಲಿ ಏನನ್ನೂ ಕೊರೆಯಬೇಕಾಗಿಲ್ಲ. ಪಾರ್ಕಿನ್ಸನ್‌ಗೆ ಮೆದುಳಿನೊಳಗೆ ಬೆಳಕು ಕೊಡುವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಮೆದುಳಿನ ಆಳಕ್ಕೆ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಹಾಗಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಆಲಿಂ-ಲೂಯಿ ಬೆನಬಿಡ್ ದಾರಿ ತೋರಿಸಿದ ಈ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ವಿದ್ಯುತ್ತಿಗೆ ಈ ಕೋಶ, ಆ ಕೋಶ ಎಂಬ ಭೇದ ಗೊತ್ತಾಗದು ನಿಜ, ಆದರೆ ನಡುಕ, ಬಿಗಿತ ತಗ್ಗುವುದು ಸಾವಿರಾರು ಜನರ ಅನುಭವ. ಇದು ಯಾರಿಗೆ ಸಲ್ಲುತ್ತದೆ ಎಂಬುದಕ್ಕೆ ವೈದ್ಯರು ಮುಖ್ಯವಾಗಿ ನೋಡುವುದು ಲೆವೊಡೋಪಾ ಮಾತ್ರೆಗೆ ದೇಹ ಇನ್ನೂ ಚೆನ್ನಾಗಿ ಸ್ಪಂದಿಸುತ್ತಿದೆಯೇ, ನೆನಪು ಮತ್ತು ಬುದ್ಧಿ ಗಟ್ಟಿಯಾಗಿವೆಯೇ ಎಂಬುದನ್ನು. ಕಾಯಿಲೆ ಬಹಳ ಮುಂದುವರಿದ ಮೇಲೆ ಹೋದರೆ ಆ ಅವಕಾಶ ಮುಚ್ಚಿರುತ್ತದೆ. ಮಾತ್ರೆಯ ಪರಿಣಾಮ ಹೊತ್ತಿಗೆ ಮುಂಚೆಯೇ ಇಳಿಯತೊಡಗಿದೆ ಎನ್ನಿಸಿದಾಗಲೇ ಮೂವ್‌ಮೆಂಟ್ ಡಿಸಾರ್ಡರ್ ಕ್ಲಿನಿಕ್‌ನಲ್ಲಿ ಒಮ್ಮೆ ತೋರಿಸಿ. ಮಾತ್ರೆ ತೆಗೆದುಕೊಂಡ ಹೊತ್ತು, ನಡುಕ ಮರಳಿದ ಹೊತ್ತು ಎರಡನ್ನೂ ಒಂದು ವಾರ ಬರೆದಿಟ್ಟು ಜೊತೆಗೆ ಒಯ್ಯಿರಿ.